ಹಳ್ಳಿಯ ಆರೋಗ್ಯ ಸೇವಕಿಯರು: ಒಂದು ಇತಿಹಾಸಾವಲೋಕನ



ಹುಣಸೂರು ತಾಲ್ಲೂಕಿನ ಗಾವಡಗೆರೆ ಹೋಬಳಿಯಲ್ಲಾಗಲಿ, ನೆರೆಯ ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಾಗಲಿ, ಗುಲಾಬಿ ಬಣ್ಣದ ಸೀರೆಯುಟ್ಟು, ಹೆಗಲಿಗೆ ಚೀಲ ತೂಗುಹಾಕಿ, ಕೈಯಲ್ಲೊಂದು ದಾಖಲೆ ಪುಸ್ತಕ ಹಿಡಿದು ಮನೆಯಿಂದ ಮನೆಗೆ ನಡೆಯುವ ತಾಯಿಯೊಬ್ಬಳನ್ನು ತಾವೆಲ್ಲರೂ ಕಂಡಿರುತ್ತೀರಿ. ಆಕೆಯನ್ನು ಜನ ‘ಆಶಾ’ ಎಂದು ಕರೆಯುತ್ತಾರೆ. ಬಸುರಿಯ ಯೋಗಕ್ಷೇಮ, ಬಾಣಂತಿಯ ಪಥ್ಯ, ಹಸುಗೂಸಿನ ತೂಕ, ಕ್ಷಯರೋಗಿಯ ಗುಳಿಗೆ, ಚುಚ್ಚುಮದ್ದಿನ ದಿನಾಂಕ ಇವೆಲ್ಲವನ್ನೂ ಆಕೆ ನೆನಪಿನಲ್ಲಿಟ್ಟುಕೊಂಡಿರುತ್ತಾಳೆ. ಆಶಾ ಎಂಬ ಹೆಸರು ೨೦೦೫ನೆಯ ಇಸವಿಯಿಂದ ಈಚಿನದು. ಆದರೆ ಆಕೆ ಮಾಡುತ್ತಿರುವ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ನೂರು ವರ್ಷಗಳಿಗೂ ಮೀರಿದ ಹಿನ್ನೆಲೆಯಿದೆ. ಆ ಹಿನ್ನೆಲೆಯನ್ನು ತಮ್ಮ ಮುಂದಿಟ್ಟು, ಅದರಿಂದ ನಾವು ಕಲಿಯಬೇಕಾದ ಪಾಠವೊಂದನ್ನು ನಿವೇದಿಸುವುದು ಈ ಲೇಖನದ ಉದ್ದೇಶವಾಗಿದೆ.

ಸರ್ಕಾರಿ ಆಸ್ಪತ್ರೆಗಳು ಬರುವ ಮುನ್ನ ಹಳ್ಳಿಯ ಆರೋಗ್ಯವನ್ನು ನೋಡಿಕೊಳ್ಳುತ್ತಿದ್ದವರು ನಾಟಿ ವೈದ್ಯರು ಮತ್ತು ಸೂಲಗಿತ್ತಿಯರು. ಸೂಲಗಿತ್ತಿಯು ಹಗಲಿರುಳೆನ್ನದೆ, ಕರೆದ ಮನೆಗೆ ಹೋಗುತ್ತಿದ್ದಳು. ಹೆರಿಗೆಯಾದ ಮೇಲೆ ಮನೆಯವರು ಮೊರದಲ್ಲಿ ಧಾನ್ಯ, ವೀಳ್ಯ, ಕುಪ್ಪಸದ ಕಣವಿಟ್ಟು ಆಕೆಯನ್ನು ಕಳುಹಿಸುತ್ತಿದ್ದರು. ಅದು ದಾನವಲ್ಲ, ಊರು ಆಕೆಗೆ ಸಲ್ಲಿಸಬೇಕಾದ ಪಾಲು ಎಂದೇ ಎಲ್ಲರೂ ಭಾವಿಸಿದ್ದರು. ತುಮಕೂರು ಜಿಲ್ಲೆಯ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದ್ದನ್ನು ಮನ್ನಿಸಿ ಭಾರತ ಸರ್ಕಾರವು ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಶಿವೈಕ್ಯರಾದರು. ಅಂಥ ಸಾವಿರಾರು ತಾಯಂದಿರ ಹೆಸರುಗಳು ಯಾವ ದಾಖಲೆಯಲ್ಲಿಯೂ ಉಳಿದಿಲ್ಲ. ಹಾಗೆಂದು ಹಳೆಯದೆಲ್ಲವನ್ನೂ ಹೊಗಳುವುದು ಸತ್ಯಕ್ಕೆ ಸಲ್ಲದು. ಶುದ್ಧಿಮಾಡದ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದುದರಿಂದ ಧನುರ್ವಾಯುವಿಗೆ ತುತ್ತಾದ ಹಸುಳೆಗಳೆಷ್ಟೋ, ರಕ್ತಸ್ರಾವ ನಿಲ್ಲದೆ ತೀರಿಕೊಂಡ ಬಾಣಂತಿಯರೆಷ್ಟೋ! ಸೂಲಗಿತ್ತಿಯಲ್ಲಿ ಊರಿನ ವಿಶ್ವಾಸವಿತ್ತು, ಕೈಯಲ್ಲಿ ಅನುಭವವಿತ್ತು. ಆದರೆ ರೋಗಾಣುಗಳ ಅರಿವು ಅಂದು ಆಕೆಯ ಬಳಿಗೆ ತಲುಪಿರಲಿಲ್ಲ.

ಆ ಹೊಸ ಅರಿವು ನಮ್ಮ ನಾಡಿಗೆ ಬಂದಾಗ ಅಪರಿಚಿತರ ಕೈಯಿಂದ, ಅದೂ ದಂಡನೆಯ ಭಯದೊಡನೆ ಬಂದಿತು. ೧೮೯೮ರಲ್ಲಿ ಪ್ಲೇಗು ಮಾರಿ ಬೆಂಗಳೂರಿಗೆ ಕಾಲಿಟ್ಟು ಮೈಸೂರು ಸಂಸ್ಥಾನದೊಳಗೆ ಹರಡಿತು. ಅಧಿಕಾರಿಗಳು ಮನೆಗಳನ್ನು ಹೊಕ್ಕು ಶೋಧಿಸಿದರು. ರೋಗಿಗಳನ್ನು ಬಲವಂತವಾಗಿ ಬೇರ್ಪಡಿಸಿದರು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಬದುಕಿದುದನ್ನು ನಮ್ಮ ಹಿರಿಯರು ‘ಪ್ಲೇಗಿನ ಕಾಲ’ವೆಂದು ನೆನೆಯುತ್ತಿದ್ದರು. ಸಿಡುಬಿನ ದಾಕು ಹಾಕುವವನು ಬಂದನೆಂದರೆ ಮಕ್ಕಳನ್ನು ಕಣಜದ ಮರೆಯಲ್ಲಿ ಬಚ್ಚಿಡುವುದೂ ಸಾಮಾನ್ಯವಾಗಿತ್ತು. ದಾಕು ಹಾಕುವವನ ವಿದ್ಯೆ ಸರಿಯಾಗಿಯೇ ಇತ್ತು. ಆದರೆ ಆತನ ಊರು ಯಾವುದು, ಆತನ ಮಾತನ್ನು ನಂಬುವುದು ಹೇಗೆ ಎಂಬುದು ಮನೆಯ ತಾಯಿಗೆ ತಿಳಿಯದು. ಹೀಗೆ ವಿಶ್ವಾಸವು ಸೂಲಗಿತ್ತಿಯ ಬಳಿ, ವಿದ್ಯೆಯು ಅಧಿಕಾರಿಯ ಬಳಿ ಉಳಿದವು. ಇವೆರಡನ್ನೂ ಒಬ್ಬರಲ್ಲಿಯೇ ಕೂಡಿಸುವುದು ಹೇಗೆ ಎಂಬ ಪ್ರಶ್ನೆಯೇ ಮುಂದಿನ ಎಲ್ಲ ಪ್ರಯತ್ನಗಳ ಮೂಲವೆನ್ನಬಹುದು.

ಈ ದಿಕ್ಕಿನಲ್ಲಿ ಮೈಸೂರು ಸಂಸ್ಥಾನವು ಭಾರತದಲ್ಲಿಯೇ ಮೊದಲಿಗರ ಸಾಲಿನಲ್ಲಿ ನಿಲ್ಲುತ್ತದೆ. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ೧೯೨೯ರಲ್ಲಿ ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕವೊಂದು ಪ್ರಾರಂಭವಾಯಿತು. ಮಂಡ್ಯವು ಆಗ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ೧೯೩೯ರವರೆಗೆ ಅದು ಮೈಸೂರು ಜಿಲ್ಲೆಗೇ ಸೇರಿತ್ತು. ಕನ್ನಂಬಾಡಿ ಕಟ್ಟೆಯ ನಾಲೆಯ ನೀರು ಆ ಪ್ರದೇಶಕ್ಕೆ ಹರಿದಾಗ ಭತ್ತ ಕಬ್ಬುಗಳ ಜೊತೆಯಲ್ಲಿಯೇ ಚಳಿಜ್ವರವೂ ಬಂದಿತು. ಆದುದರಿಂದ ಆರೋಗ್ಯ ಘಟಕದ ಕೆಲಸಕ್ಕೆ ಅಲ್ಲಿ ಹೆಚ್ಚಿನ ಮಹತ್ವ ಒದಗಿತು. ರೋಗ ಬಂದ ಮೇಲೆ ಔಷಧ ಕೊಡುವುದಕ್ಕಿಂತಲೂ ಜನನ ಮರಣಗಳನ್ನು ಸರಿಯಾಗಿ ಬರೆದಿಡುವುದು, ನೀರನ್ನು ಕಾಪಾಡುವುದು, ಕಕ್ಕಸುಗಳನ್ನು ಕಟ್ಟಿಸುವುದು, ಬಸುರಿಯರನ್ನು ಮನೆಯಲ್ಲಿಯೇ ಕಂಡು ವಿಚಾರಿಸುವುದು ಇವು ಅಂಥ ಘಟಕಗಳ ಮುಖ್ಯ ಕಾರ್ಯಗಳಾಗಿದ್ದವು. ಮುಂದೆ ಕ್ಲೋಸ್‌ಪೇಟೆಯಲ್ಲಿ, ಎಂದರೆ ಈಗಿನ ರಾಮನಗರದಲ್ಲಿಯೂ, ಇಂಥದೇ ಘಟಕವೊಂದು ಸ್ಥಾಪಿತವಾಯಿತು. ಅದೇ ೧೯೩೦ರ ದಶಕದಲ್ಲಿ ಚೀನಾ ದೇಶದ ಡಿಂಗ್ ಶಿಯಾನ್ ಎಂಬಲ್ಲಿ ಅಲ್ಲಿನ ವೈದ್ಯರು ಸಾಮಾನ್ಯ ರೈತರನ್ನೇ ಆರಿಸಿ, ಅಲ್ಪಕಾಲದ ಶಿಕ್ಷಣವಿತ್ತು, ದಾಕು ಹಾಕುವ, ಗಾಯಕ್ಕೆ ಮದ್ದು ಕಟ್ಟುವ, ಜನನ ಮರಣ ಬರೆದಿಡುವ ಕೆಲಸಕ್ಕೆ ನಿಯೋಜಿಸಿದರು. ಮೂರು ದಶಕಗಳ ತರುವಾಯ ‘ಬರಿಗಾಲ ವೈದ್ಯರು’ ಎಂದು ಲೋಕವೆಲ್ಲ ಹೆಸರಾದವರ ಪೂರ್ವಿಕರು ಇವರೇ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, ೧೯೪೬ರಲ್ಲಿ, ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು ಗ್ರಾಮಾಂತರಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಜಾಲವನ್ನು ಹಬ್ಬಿಸಬೇಕೆಂದು ಸಲಹೆಯಿತ್ತಿತು. ೧೯೫೨ರಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಈ ಕೇಂದ್ರಗಳು ಒಂದೊಂದಾಗಿ ತಲೆಯೆತ್ತಿದವು. ಆದರೂ ಮನೆಬಾಗಿಲಿಗೆ ತಪ್ಪದೆ ಬಂದವನೆಂದರೆ ಮಲೇರಿಯಾ ನೌಕರನು. ೧೯೫೩ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ, ೧೯೫೮ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಮೊದಲಾದವು. ಸುಮಾರು ಹತ್ತು ಸಾವಿರ ಜನಸಂಖ್ಯೆಗೆ ಒಬ್ಬನಂತೆ ನೇಮಕವಾದ ನೌಕರನು ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಬಂದು, ಜ್ವರವಿದ್ದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದು, ಗೋಡೆಯ ಮೇಲೆ ತಾರೀಖನ್ನು ಗುರುತು ಹಾಕಿ ಹೋಗುತ್ತಿದ್ದನು. ನಮ್ಮ ಹಿರಿಯ ಓದುಗರಲ್ಲಿ ಅನೇಕರಿಗೆ ಬಾಗಿಲ ಪಕ್ಕದ ಆ ಬರಹದ ನೆನಪಿದ್ದೀತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿಯಷ್ಟೆಂದು ಅಂದಾಜಾಗಿದ್ದ ಮಲೇರಿಯಾ ಪ್ರಕರಣಗಳು ೧೯೬೫ರ ಹೊತ್ತಿಗೆ ಒಂದು ಲಕ್ಷದ ಆಸುಪಾಸಿಗೆ ಇಳಿದವು. ಕಾರ್ಯ ಮುಗಿಯಿತೆಂಬ ಭ್ರಮೆಯಿಂದ ಕಾವಲು ಸಡಿಲವಾಯಿತು. ಕೀಟನಾಶಕಕ್ಕೆ ಸೊಳ್ಳೆಗಳು ಒಗ್ಗಿಕೊಂಡವು. ೧೯೭೬ರಲ್ಲಿ ಮತ್ತೆ ಅರವತ್ತನಾಲ್ಕು ಲಕ್ಷ ಪ್ರಕರಣಗಳು ಲೆಕ್ಕಕ್ಕೆ ಬಂದವು. ಕೀಟನಾಶಕವೊಂದನ್ನೇ ನಂಬಿ ಮನೆಮನೆಯ ಕಾವಲನ್ನು ಮರೆತರೆ ಏನಾಗುವುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಅತ್ತ ಸಿಡುಬಿನ ವಿಷಯದಲ್ಲಿ ಆ ತಪ್ಪು ನಡೆಯಲಿಲ್ಲ. ಮನೆಮನೆ ಹುಡುಕುವ ಕಾರ್ಯವು ಕಡೆಯ ತನಕ ನಿಲ್ಲಲಿಲ್ಲವಾದುದರಿಂದ ೧೯೭೫ರ ಮೇ ತಿಂಗಳ ಬಳಿಕ ಆ ರೋಗವು ಭಾರತದಿಂದಲೇ ಮಾಯವಾಯಿತು.

ಊರಿನವರನ್ನೇ ಊರಿನ ಆರೋಗ್ಯಕ್ಕೆ ಹೊಣೆಯಾಗಿಸಬೇಕೆಂಬ ವಿಚಾರವು ಇಷ್ಟರಲ್ಲಿ ಬಲಗೊಂಡಿತ್ತು. ಮಹಾರಾಷ್ಟ್ರದ ಜಾಮಖೇಡದಲ್ಲಿ ೧೯೭೦ರಲ್ಲಿ ಕೆಲಸಕ್ಕೆ ತೊಡಗಿದ ರಜನೀಕಾಂತ ಆರೋಳೆ ಮತ್ತು ಮೇಬೆಲ್ ಆರೋಳೆ ದಂಪತಿಗಳು ಮೊದಲು ತರಬೇತಾದ ದಾದಿಯರನ್ನೇ ಹಳ್ಳಿಗಳಿಗೆ ಕಳುಹಿಸಿದರು. ಹೊರಗಿನವರು ಹಳ್ಳಿಯಲ್ಲಿ ನೆಲೆ ನಿಲ್ಲಲಿಲ್ಲ. ಆ ಬಳಿಕ ಅವರು ಆಯಾ ಹಳ್ಳಿಯ ಸಾಮಾನ್ಯ ಸ್ತ್ರೀಯರನ್ನು ಆರಿಸಿ ಶಿಕ್ಷಣವಿತ್ತರು. ಅವರಲ್ಲಿ ಓದು ಬಾರದವರೂ, ದಲಿತರೂ ಅನೇಕರಿದ್ದರು. ಅವರ ಕೈಯಿಂದಲೇ ಆ ಸೀಮೆಯ ಶಿಶುಮರಣ ತಗ್ಗಿತು. ನಮ್ಮ ಜಿಲ್ಲೆಯಲ್ಲಿಯೂ ಇದಕ್ಕೆ ಸಮೀಪದ ಮಹತ್ತ್ವದ ಹೆಜ್ಜೆಯೊಂದು ನಡೆಯಿತು. ೧೯೭೫ರ ಅಕ್ಟೋಬರ್ ೨ರಂದು ದೇಶದ ಮೂವತ್ತಮೂರು ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಆರಿಸಲ್ಪಟ್ಟುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ನೂರು ಅಂಗನವಾಡಿಗಳು ತೆರೆದವು. ಊರಿನ ಹೆಣ್ಣುಮಗಳೊಬ್ಬಳು ಊರಿನ ಮಕ್ಕಳಿಗೆ ಉಣಬಡಿಸಿ, ತೂಕ ನೋಡಿ, ಅಕ್ಷರ ಹೇಳಿಕೊಡುವ ಪದ್ಧತಿ ನಮ್ಮ ರಾಜ್ಯಕ್ಕೆ ಬಂದುದು ಕಾವೇರಿ ಕಪಿಲೆಯರ ಆ ಸಂಗಮದ ಊರಿನಿಂದಲೇ.

೧೯೭೫ರಲ್ಲಿ ಶ್ರೀವಾಸ್ತವ ಸಮಿತಿಯು ಸಮಾಜದೊಳಗಿನಿಂದಲೇ ಆರೋಗ್ಯ ಕಾರ್ಯಕರ್ತರನ್ನು ರೂಪಿಸಬೇಕೆಂದು ಶಿಫಾರಸು ಮಾಡಿತು. ಅದರಂತೆ ೧೯೭೭ರ ಗಾಂಧೀಜಯಂತಿಯಂದು ಕೇಂದ್ರ ಸರ್ಕಾರವು ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆಯನ್ನು ಘೋಷಿಸಿತು. ಸಾವಿರ ಜನರಿಗೆ ಒಬ್ಬ ಕಾರ್ಯಕರ್ತ, ಮೂರು ತಿಂಗಳ ಶಿಕ್ಷಣ, ತಿಂಗಳಿಗೆ ಐವತ್ತು ರೂಪಾಯಿ ಗೌರವಧನ ಮತ್ತು ಐವತ್ತು ರೂಪಾಯಿಯ ಔಷಧಿ ಎಂಬುದು ಅದರ ಸ್ವರೂಪ. ಮರುವರ್ಷ, ೧೯೭೮ರ ಸೆಪ್ಟೆಂಬರಿನಲ್ಲಿ, ಅಂದಿನ ಸೋವಿಯತ್ ದೇಶದ ಅಲ್ಮಾ ಆಟಾ ನಗರದಲ್ಲಿ ಕೂಡಿದ ವಿಶ್ವ ಸಮ್ಮೇಳನವು ಪ್ರಾಥಮಿಕ ಆರೋಗ್ಯ ರಕ್ಷಣೆಯೇ ಸರ್ವರ ಆರೋಗ್ಯಕ್ಕೆ ದಾರಿಯೆಂದು ಸಾರಿತು. ಆದರೆ ನಮ್ಮ ಯೋಜನೆ ಬಾಳಲಿಲ್ಲ. ೧೯೮೦ರಲ್ಲಿ ‘ಸ್ವಯಂಸೇವಕ’, ೧೯೮೧ರಲ್ಲಿ ‘ಗ್ರಾಮ ಆರೋಗ್ಯ ಮಾರ್ಗದರ್ಶಿ’ ಎಂದು ಹೆಸರುಗಳು ಬದಲಾದವು. ಐವತ್ತು ರೂಪಾಯಿ ಮಾತ್ರ ಐವತ್ತಾಗಿಯೇ ಉಳಿಯಿತು. ಆಯ್ಕೆಯಾದವರಲ್ಲಿ ಬಹುಪಾಲು ಗಂಡಸರೇ ಆದುದರಿಂದ ಬಸುರಿ ಬಾಣಂತಿಯರ ಬಳಿಗೆ ಅವರು ಹೋಗುವಂತಿರಲಿಲ್ಲ. ಎಷ್ಟೋ ಕಡೆ ಆಯ್ಕೆಯೇ ಊರ ಪ್ರಮುಖರ ಕೃಪೆಯಿಂದ ನಡೆಯಿತು. ಅವರಿಗೆ ಬೆನ್ನೆಲುಬಾಗಬೇಕಾಗಿದ್ದ ಆರೋಗ್ಯ ಕೇಂದ್ರಗಳೂ ಅವರನ್ನು ತಮ್ಮವರೆಂದು ಭಾವಿಸಲಿಲ್ಲ. ೨೦೦೨ರ ಹೊತ್ತಿಗೆ ಕೇಂದ್ರದ ನೆರವೂ ನಿಂತು ಆ ಯೋಜನೆ ಅಳಿಯಿತು.

ಇನ್ನು ನಮ್ಮ ನೆರೆಯ ಕಾಡಂಚಿನ ಕಥೆಯನ್ನು ಗಮನಿಸಿರಿ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿ ಅಣೆಕಟ್ಟೆಯು ೧೯೭೪ರಲ್ಲಿ ಪೂರ್ಣಗೊಂಡಿತು. ನೀರು ನಿಂತ ಕಡೆ ಹಳ್ಳಿಗಳು ಮುಳುಗಿದವು. ಕಾಡು ರಕ್ಷಿತವಾದಂತೆಲ್ಲ ಜೇನುಕುರುಬ, ಕಾಡುಕುರುಬ, ಯರವ, ಸೋಲಿಗ ಜನರು ತಲೆಮಾರುಗಳ ಹಾಡಿಗಳನ್ನು ಬಿಟ್ಟು ಕಾಡಂಚಿಗೆ ಬಂದರು. ಗೆಡ್ಡೆಗೆಣಸು, ಜೇನು ತಪ್ಪಿದವು. ಕೊಡಗಿನ ಕಾಫಿ ತೋಟಗಳ ಕೂಲಿ ಗತಿಯಾಯಿತು. ಮಳೆಗಾಲದಲ್ಲಿ ಕೆಸರು, ಇರುಳಿನಲ್ಲಿ ಆನೆ. ಇಂಥಲ್ಲಿ ಹೆರಿಗೆಯ ನೋವು ಮೊದಲಾದರೆ ಪೇಟೆಯ ಆಸ್ಪತ್ರೆ ಯಾವ ಲೋಕದಲ್ಲಿದ್ದಂತೆ! ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳುತನದಲ್ಲಿ ೧೯೮೪ರಲ್ಲಿ ಸ್ವಾಮಿ ವಿವೇಕಾನಂದ ಯುವ ಚಳುವಳಿಯನ್ನು ಕಟ್ಟಿದರು. ೧೯೮೭ರಿಂದ ಅವರು ಈ ತಾಲ್ಲೂಕಿನ ಬ್ರಹ್ಮಗಿರಿ ಹಾಡಿಯಲ್ಲಿ ಸಣ್ಣ ಚಿಕಿತ್ಸಾಲಯದಿಂದ ತಮ್ಮ ಕೆಲಸವನ್ನು ಮೊದಲು ಮಾಡಿದರು. ಅದು ಮುಂದೆ ಕೆಂಚನಹಳ್ಳಿಯ ಆಸ್ಪತ್ರೆಯಾಗಿ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರಿನ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು ೧೯೮೧ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ೧೯೮೬ರಲ್ಲಿ ಕರುಣಾ ಟ್ರಸ್ಟಿನ ಮೂಲಕ, ಅಂದು ಮೈಸೂರು ಜಿಲ್ಲೆಯಲ್ಲಿಯೇ ಇದ್ದ ಯಳಂದೂರಿನಲ್ಲಿ, ಕುಷ್ಠರೋಗ ನಿವಾರಣೆಗೆ ತೊಡಗಿದರು. ಈ ಎರಡೂ ಕಡೆಗಳಲ್ಲಿ ಕಂಡುಬಂದ ಸತ್ಯವೊಂದೇ. ಎಂಥ ವೈದ್ಯನಿಗಾದರೂ ಹಾಡಿಯ ಒಳಗೆ ಕಾಲಿಡಲು ಹಾಡಿಯವರೇ ಆದ ಒಬ್ಬರ ಕೈಹಿಡಿಯಬೇಕಾಗುತ್ತದೆ. ಯಾವ ಕುಟುಂಬ ಕೂಲಿಗೆ ಕೊಡಗಿಗೆ ಹೋಗಿದೆ, ಯಾವಾಗ ಮರಳುತ್ತದೆ, ಯಾವ ಮಗುವಿಗೆ ದಾಕು ತಪ್ಪಿದೆ ಎಂಬುದನ್ನು ಬಲ್ಲವರು ಅವರೇ. ಜೇನುಕುರುಬ, ಸೋಲಿಗ ಮೊದಲಾದವರಲ್ಲಿ ಕಂಡುಬರುವ, ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ರಕ್ತಹೀನತೆಯ ನಿವಾರಣೆಗಾಗಿ ೨೦೨೩ರ ಜುಲೈ ೧ರಂದು ರಾಷ್ಟ್ರೀಯ ಅಭಿಯಾನವೊಂದು ಆರಂಭವಾಗಿದೆ. ಅದರ ಯಶಸ್ಸೂ ಅಂತಿಮವಾಗಿ ಹಾಡಿಯವರ ವಿಶ್ವಾಸ ಪಡೆದವರ ಮಾತನ್ನೇ ಅವಲಂಬಿಸಿದೆ.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ ಬಂಗ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿಗಳು ಹಳ್ಳಿಯ ಹೆಣ್ಣುಮಕ್ಕಳಿಗೆ ಹಸುಗೂಸುಗಳ ಆರೈಕೆಯನ್ನು ಕಲಿಸಿದರು. ಉಸಿರಾಟ ಗಮನಿಸುವುದು, ಮೈ ಬೆಚ್ಚಗಿಡುವುದು, ಸೋಂಕು ತಗಲಿದಾಗ ಚುಚ್ಚುಮದ್ದು ಕೊಡುವುದು ಇವೆಲ್ಲ ಅವರ ಕೈಗೆ ಬಂದವು. ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಮರಣವು ನೂರಕ್ಕೆ ಅರವತ್ತೆರಡರಷ್ಟು ಕಡಿಮೆಯಾಯಿತೆಂದು ೧೯೯೯ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಇಂಥ ಪ್ರಯೋಗಗಳ ಬಲದಿಂದ ೨೦೦೫ರ ಏಪ್ರಿಲ್ ೧೨ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಉದಯಿಸಿತು. ಆಶಾ ಅದರ ಕಣ್ಮಣಿ. ೧೯೭೭ರ ತಪ್ಪುಗಳಲ್ಲಿ ಒಂದನ್ನು ಇಲ್ಲಿ ತಿದ್ದಲಾಯಿತು. ಆಯ್ಕೆಯಾಗುವವಳು ಸ್ತ್ರೀಯೇ ಆಗಿರಬೇಕು, ಅದೇ ಊರಿನವಳಾಗಿರಬೇಕು ಎಂದು ನಿಯಮವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಕೆ ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ ಹಾಗೂ ನಲವತ್ತೆರಡನೆಯ ದಿನಗಳಲ್ಲಿ ಬಾಣಂತಿಯ ಮನೆಗೆ ಹೋಗಿ ತಾಯಿ ಮಗುವನ್ನು ನೋಡಬೇಕು. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ೨೦೦೪–೦೬ರಲ್ಲಿ ೨೧೩ರಷ್ಟಿದ್ದ ತಾಯಂದಿರ ಮರಣವು ೨೦೧೮–೨೦ರಲ್ಲಿ ೬೯ಕ್ಕೆ ಇಳಿಯಿತು. ರಸ್ತೆ, ವಾಹನ, ಆಸ್ಪತ್ರೆ, ಹೆಣ್ಣುಮಕ್ಕಳ ವಿದ್ಯೆ ಇವೆಲ್ಲಕ್ಕೂ ಅದರಲ್ಲಿ ಪಾಲಿದೆ. ಆದರೆ ನಡುರಾತ್ರಿಯಲ್ಲಿ ವಾಹನ ಕರೆಸಿ, ಬಸುರಿಯ ಜೊತೆ ಆಸ್ಪತ್ರೆಯ ಜಗಲಿಯಲ್ಲಿ ಬೆಳಗು ಮಾಡಿದವಳ ಪಾಲನ್ನು ಮರೆಯಲಾದೀತೇ?

೨೦೨೦ರಲ್ಲಿ ಕೋವಿಡ್ ಮಾರಿ ಬಂದೆರಗಿದಾಗ ನಾವೆಲ್ಲ ಬಾಗಿಲು ಮುಚ್ಚಿ ಕುಳಿತೆವು. ಆಕೆ ಬಾಗಿಲು ತಟ್ಟುತ್ತ ನಡೆದಳು. ಜ್ವರ ಯಾರಿಗಿದೆ, ಹೊರಗಿನಿಂದ ಬಂದವರಾರು ಎಂದು ಕೇಳಿ ಬರೆದುಕೊಂಡಳು. ಕೆಲವೆಡೆ ಬೈಗುಳವನ್ನೂ ತಿಂದಳು. ೨೦೨೨ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಪ್ರಶಸ್ತಿಯಿಂದ ಸನ್ಮಾನಿಸಿತು. ಅದಾಗಿ ಮೂರು ವರ್ಷಗಳೊಳಗೆ, ೨೦೨೫ರ ಜನವರಿಯ ಚಳಿಯಲ್ಲಿ, ಅದೇ ತಾಯಂದಿರು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಧರಣಿ ಕೂರಬೇಕಾಯಿತು. ತಮಗೆ ತಿಂಗಳಿಗೆ ನಿಶ್ಚಿತ ವೇತನ ಬೇಕೆಂಬುದು ಅವರ ಬೇಡಿಕೆ. ಹತ್ತು ಸಾವಿರ ರೂಪಾಯಿಗಳ ಭರವಸೆ ದೊರೆತ ಮೇಲೆ ಅವರು ಊರಿಗೆ ಮರಳಿದರು. ಅದೇ ವರ್ಷದ ಆಗಸ್ಟಿನಲ್ಲಿ ಆ ಭರವಸೆ ಕೈಗೂಡಲಿಲ್ಲವೆಂದು ಮತ್ತೆ ಬೀದಿಗಿಳಿದರು. ಏಕೆಂದರೆ ಆಶಾ ಸರ್ಕಾರದ ದೃಷ್ಟಿಯಲ್ಲಿ ನೌಕರಳಲ್ಲ, ಆಕೆ ‘ಸ್ವಯಂಸೇವಕಿ’. ಹೆರಿಗೆಗೆ ಇಷ್ಟು, ಚುಚ್ಚುಮದ್ದಿಗೆ ಇಷ್ಟು, ಕ್ಷಯರೋಗಿ ಗುಣವಾದರೆ ಇಷ್ಟು ಎಂದು ಬಿಡಿಬಿಡಿಯಾಗಿ ಪ್ರೋತ್ಸಾಹಧನ ಲೆಕ್ಕವಾಗುತ್ತದೆ, ಅದರ ಮೇಲೆ ಸ್ವಲ್ಪ ಗೌರವಧನ. ೧೯೭೭ರ ತಪ್ಪುಗಳಲ್ಲಿ ಇನ್ನೊಂದು ಹಾಗೆಯೇ ಉಳಿದಿರುವುದನ್ನು ಇಲ್ಲಿ ಕಾಣುತ್ತೇವೆ.

ಸಹೃದಯರೇ, ಈ ಇತಿಹಾಸದುದ್ದಕ್ಕೂ ಒಂದು ಎಳೆ ಹರಿದು ಬಂದಿದೆ. ಮನೆಬಾಗಿಲಿಗೆ ಬರುವವಳು ಊರಿನವಳಾಗಿದ್ದಾಗ ಜನ ನಂಬಿದರು. ಆಕೆಗೆ ವಿದ್ಯೆ ದೊರೆತಾಗ ಜೀವಗಳು ಉಳಿದವು. ಆಕೆಯ ದುಡಿಮೆಗೆ ತಕ್ಕುದನ್ನು ಸಲ್ಲಿಸದಿದ್ದಾಗ ವ್ಯವಸ್ಥೆಯೇ ಕುಸಿಯಿತು. ‘ಇದು ಸೇವೆ, ಇದಕ್ಕೆ ಬೆಲೆ ಕಟ್ಟಲಾಗದು’ ಎಂಬ ಮಾತು ಕೇಳಲು ಇಂಪಾಗಿದೆ. ಆದರೆ ಬೆಲೆ ಕಟ್ಟಲಾಗದುದಕ್ಕೆ ಬೆಲೆಯನ್ನೇ ಕೊಡದಿರುವುದು ಯಾವ ನ್ಯಾಯ? ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಎತ್ತಿ ಹಿಡಿದರು. ರೋಗಿಗಳನ್ನು ಉಪಚರಿಸಿದ ವೈದ್ಯ ಸಂಗಣ್ಣನೂ ಅವರಲ್ಲೊಬ್ಬ ಶರಣ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗ ತಮಗೆ ತಿಳಿದುದೇ. ದುಡಿದುದಕ್ಕಿಂತ ಹೆಚ್ಚು ತರುವುದು ಕಾಯಕಕ್ಕೆ ಸಲ್ಲದೆಂಬುದನ್ನು ನಾವು ಆ ಪ್ರಸಂಗದಿಂದ ಕಲಿತೆವು. ಹಾಗಾದರೆ ದುಡಿದುದಕ್ಕಿಂತ ಕಡಿಮೆ ಕೊಡುವುದು ಸಲ್ಲುವುದೇ? ಲಕ್ಕಮ್ಮನ ತಕ್ಕಡಿಗೆ ಎರಡು ತಟ್ಟೆಗಳಿವೆ. ಒಂದನ್ನು ಮಾತ್ರ ಉಪದೇಶಿಸಿ ಇನ್ನೊಂದನ್ನು ಮರೆಯುವವರು ಕಾಯಕ ತತ್ತ್ವವನ್ನು ಅರ್ಧ ಮಾತ್ರ ಬಲ್ಲವರು.

ಆಕೆಯ ವೇತನದ ವಿಷಯವು ಸರ್ಕಾರಕ್ಕೆ ಸೇರಿದ್ದಾದರೂ, ನಮ್ಮ ಕೈಯಲ್ಲಿರುವುದೂ ಕಡಿಮೆಯೇನಲ್ಲ. ಪ್ರತಿ ಊರಿನಲ್ಲಿಯೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆಯ ಸಮಿತಿ ಇರಬೇಕೆಂಬುದು ನಿಯಮ. ಅದು ಕೂಡುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿರಿ. ಚುಚ್ಚುಮದ್ದಿನ ದಿನ ಆಕೆಗೆ ಕೂರಲು ನೆರಳು, ಕುಡಿಯಲು ನೀರು ಇದೆಯೇ ನೋಡಿರಿ. ಇರುಳಿನಲ್ಲಿ ಆಸ್ಪತ್ರೆಗೆ ಹೊರಟವಳಿಗೆ ಜೊತೆ ಹೋಗಲು ಊರಿನ ತರುಣರನ್ನು ಕಳುಹಿಸಿರಿ. ಮಠದ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಓದಿ ಇಂದು ವೈದ್ಯರೂ ಅಧಿಕಾರಿಗಳೂ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ವಿಶೇಷವಾಗಿ ಒಂದು ಮಾತು. ತಮ್ಮ ಆರೋಗ್ಯ ಕೇಂದ್ರಕ್ಕೆ ಆಕೆ ಕರೆತಂದ ರೋಗಿಯನ್ನು ನೋಡುವಾಗ ಆಕೆಗೂ ಒಂದು ಕುರ್ಚಿಯನ್ನು ತೋರಿಸಿರಿ. ಆಕೆ ಹೇಳುವುದನ್ನು ಪೂರ್ತಿಯಾಗಿ ಕೇಳಿರಿ. ಆಕೆಗೆ ಬರಬೇಕಾದ ಹಣದ ಕಾಗದ ತಮ್ಮ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂರದಂತೆ ನೋಡಿಕೊಳ್ಳಿರಿ. ಹಿಂದೆ ಸೂಲಗಿತ್ತಿಯನ್ನು ಬರಿಗೈಯಲ್ಲಿ ಕಳುಹಿಸಲು ನಮ್ಮ ಅಜ್ಜಿಯರು ಒಪ್ಪುತ್ತಿರಲಿಲ್ಲ. ಆ ಮರ್ಯಾದೆ ನಮ್ಮ ಮನೆಗಳಲ್ಲಿ, ನಮ್ಮ ಕಚೇರಿಗಳಲ್ಲಿ ಉಳಿಯಲಿ.

ಸರ್ವರಿಗೂ ಆಯುರಾರೋಗ್ಯ ಲಭಿಸಲೆಂದು ಹಾರೈಸುತ್ತೇವೆ.